ಸೇನೆಯ ಎಂಜಿನಿಯರ್ ಅಧಿಕಾರಿಗೂ ಪರಮವೀರ ಚಕ್ರ ಸಿಗುತ್ತದೆಯೇ?

ಸಿಕ್ಕಿದೆ, ಅದೂ ನಮ್ಮ ಕಾರವಾರದ ಕಡೆಯವರಿಗೆ. ಚೆಂಡಿಯಾ ಮೂಲದ ಸೆಕೆಂಡ್ ಲೆಫ್ಟಿನೆಂಟ್ ರಾಮ ರಾಘೋಬಾ ರಾಣೆ ಸೇನೆಯ ಎಂಜಿನಿಯರ್ ದಳವಾದ ಬಾಂಬೆ ಸ್ಯಾಪರ್ಸ್‌ನವರು. 1948ರ ಏಪ್ರಿಲ್‌ 8ರಿಂದ 11ರವರೆಗೆ, ಜಮ್ಮು-ಕಾಶ್ಮೀರದ ನೌಶೇರಾದಿಂದ ರಜೌರಿಯತ್ತ ಸಾಗುತ್ತಿದ್ದ ಟ್ಯಾಂಕುಗಳಿಗೆ ದಾರಿ ಮಾಡಿಕೊಡುವುದು ಅವರ ಕೆಲಸ. ಮೊದಲ ದಿನವೇ ಮಾರ್ಟರ್ ದಾಳಿಯಲ್ಲಿ ಗಾಯಗೊಂಡರೂ ಗುಂಡಿನ ಮಳೆಯ ನಡುವೆ ನೆಲಬಾಂಬುಗಳನ್ನೂ ರಸ್ತೆತಡೆಗಳನ್ನೂ ತೆರವುಗೊಳಿಸುತ್ತಲೇ ಹೋದರು. ಚಲಿಸುವ ಟ್ಯಾಂಕಿನ ಅಡಿಯಲ್ಲಿ ತೆವಳುತ್ತಾ ಮುಂದೆ ಸಾಗಿದ್ದೂ ಉಂಟು! ಪರಮವೀರ ಚಕ್ರವನ್ನು ಬದುಕಿರುವಾಗಲೇ ಪಡೆದವರಲ್ಲಿ ಅವರೂ ಒಬ್ಬರು.

ಈ ಪದಕಕ್ಕೆ ಶತ್ರುವಿನ ಎದುರು ತೋರಿದ ಅಸಾಧಾರಣ ಶೌರ್ಯವೇ ಮಾನದಂಡ; ಎಷ್ಟು ಜನರನ್ನು ಕೊಂದರು ಎಂಬ ಲೆಕ್ಕವಲ್ಲ. ಇದೇ ದಳದ ಪ್ರೇಮಿಂದ್ರ ಸಿಂಗ್ ಭಗತ್ ಅವರಿಗೂ 1941ರಲ್ಲಿ, ನೆಲಬಾಂಬು ತೆಗೆದದ್ದಕ್ಕೇ ಬ್ರಿಟಿಷರ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಬಂದಿತ್ತು.