ಜರ್ಮನಿಯಲ್ಲಿ ಸ್ನಾತಕೋತ್ತರ ಓದುವವರಿಗೆ ದಿನಕ್ಕೆ ನಾಲ್ಕು ಗಂಟೆಯಷ್ಟೇ ತರಗತಿಯಂತೆ. ಉಳಿದ ಸಮಯದಲ್ಲಿ ಎಷ್ಟು ಸುತ್ತಾಡಬಹುದು?

ನಿಮ್ಮ ಕೈಯಲ್ಲಿರುವಂಥದೇ ವೇಳಾಪಟ್ಟಿಯನ್ನು 2023ರ ಅಕ್ಟೋಬರಿನಲ್ಲಿ ಮ್ಯೂನಿಕ್‌ನ ಹಾಸ್ಟೆಲ್ ಕೋಣೆಯಲ್ಲಿ ಕುಳಿತು ನಾನೂ ನೋಡಿದ್ದೆ, ಅದರಲ್ಲಿದ್ದ ಖಾಲಿ ಮನೆಗಳೆಲ್ಲ ನನ್ನ ಬಿಡುವಿನ ವೇಳೆ ಎಂದೇ ನಂಬಿದ್ದೆ. ಹಾಸನದಲ್ಲಿ ಬೆಳಿಗ್ಗೆ ಒಂಬತ್ತರಿಂದ ಸಂಜೆಯವರೆಗೆ ಬೆಂಚು ಬಿಟ್ಟೇಳದೆ ಎಂಜಿನಿಯರಿಂಗ್ ಮುಗಿಸಿದವನಿಗೆ ಅದು ದೊಡ್ಡ ಬಿಡುಗಡೆಯಾಗಿ ಕಂಡಿತು.

ದಿನವೇನೋ ಚೆನ್ನಾಗಿಯೇ ಇರುತ್ತಿತ್ತು. ಹತ್ತು ಗಂಟೆಯ ಪಾಠ ಅಲ್ಲಿಯ ಪದ್ಧತಿಯಂತೆ ಹತ್ತೂಕಾಲಿಗೆ ಆರಂಭವಾಗುತ್ತಿತ್ತು. ತೊಂಬತ್ತು ನಿಮಿಷಗಳ ನಂತರ ಎಲ್ಲರೂ ಬೆರಳಿನ ಗೆಣ್ಣುಗಳಿಂದ ಮೇಜು ಕುಟ್ಟಿ ಪ್ರಾಧ್ಯಾಪಕರಿಗೆ ಮೆಚ್ಚುಗೆ ತಿಳಿಸಿ, ಮೆನ್ಸಾ ಎಂಬ ಕ್ಯಾಂಟೀನಿಗೆ ಊಟಕ್ಕೆ ಹೊರಡುತ್ತಿದ್ದೆವು. ಹಾಜರಿ ಕೇಳುವವರು ಯಾರೂ ಇರಲಿಲ್ಲ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದ ವಿದ್ಯಾರ್ಥಿಗಳಿಗೆ ದೇಶದ ಸಾಮಾನ್ಯ ರೈಲುಗಳಲ್ಲೆಲ್ಲ ನಡೆಯುವ ತಿಂಗಳ ಟಿಕೆಟ್ 49ರ ಬದಲು 29 ಯೂರೋಗೆ ಸಿಗತೊಡಗಿದ್ದೂ ಅದೇ ವರ್ಷದ ಸೆಪ್ಟೆಂಬರಿನಿಂದ. ಹೀಗಾಗಿ ಶುಕ್ರವಾರ ಮಧ್ಯಾಹ್ನವಾದರೆ ಸಾಕು, ನಾನು ಮತ್ತು ಇಬ್ಬರು ಕನ್ನಡದ ಗೆಳೆಯರು ಗಾರ್ಮಿಶ್‌ಗೋ ಫ್ಯೂಸೆನ್‌ಗೋ ಸಾಲ್ಜ್‌ಬರ್ಗ್‌ಗೋ ಹೊರಟುಬಿಡುತ್ತಿದ್ದೆವು.

ಆದರೆ ಶುಕ್ರವಾರ ಎರಡು ಗಂಟೆಗೆ ನನಗೆ ಒಂದು ಅಭ್ಯಾಸ ತರಗತಿಯಿತ್ತು, ಅದನ್ನು ಅಲ್ಲಿ ಊಬುಂಗ್ ಎನ್ನುತ್ತಾರೆ. ನಾನು ತಪ್ಪಿದ್ದು ಅಲ್ಲಿ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಹೊರಡುವ ಮೊದಲು ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಪ್ರತಿ ವಾರ ಲೆಕ್ಕಗಳ ಒಂದು ಹಾಳೆ ಕೊಡುತ್ತಾರೆ, ಮುಂದಿನ ಸೋಮವಾರದೊಳಗೆ ಬಿಡಿಸಿ ಒಪ್ಪಿಸಬೇಕು. ನನ್ನ ವಿಷಯಕ್ಕೆ ಹನ್ನೆರಡು ಹಾಳೆಗಳು, ಒಂದೊಂದಕ್ಕೆ 20 ಅಂಕ, ಒಟ್ಟು 240. ಈ ಅಂಕಗಳು ಅಂತಿಮ ಫಲಿತಾಂಶಕ್ಕೆ ಸೇರುವುದಿಲ್ಲ ಎಂದು ಮೊದಲ ದಿನವೇ ಕೇಳಿಸಿಕೊಂಡೆ. ಅರ್ಧದಷ್ಟಾದರೂ ಗಳಿಸದವರಿಗೆ ಪರೀಕ್ಷೆಗೆ ಕುಳಿತುಕೊಳ್ಳಲು ಅನುಮತಿಯೇ ಇಲ್ಲ ಎಂಬ ಮುಂದಿನ ಮಾತಿಗೆ ಬೆಲೆ ಕೊಡಲಿಲ್ಲ. ನಮ್ಮ ಕಾಲೇಜುಗಳಲ್ಲಿ ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಬಿಡುವುದಿಲ್ಲ, ಅಸೈನ್‌ಮೆಂಟ್ ಮಾತ್ರ ಹಿಂದಿನ ರಾತ್ರಿ ಗೆಳೆಯನ ಪುಸ್ತಕ ನೋಡಿ ಬರೆದರೂ ನಡೆಯುತ್ತದೆ. ಅಲ್ಲಿ ಹಾಜರಿ ಇಲ್ಲವೆಂದ ಮೇಲೆ ತಡೆಯುವ ಬಾಗಿಲೂ ಇಲ್ಲವೆಂದು ತಿಳಿದುಕೊಂಡೆ. ಬಾಗಿಲು ಇತ್ತು, ಆ ಹಾಳೆಗಳೇ ಬಾಗಿಲಾಗಿದ್ದವು.

ಡಿಸೆಂಬರ್ 1ರ ಶುಕ್ರವಾರ ಸಾಲ್ಜ್‌ಬರ್ಗ್‌ಗೆ ಹೋದೆವು. ಮರುದಿನ ಮ್ಯೂನಿಕ್‌ನಲ್ಲಿ ಎಂಥ ಹಿಮ ಸುರಿಯಿತೆಂದರೆ ವಿಮಾನ ನಿಲ್ದಾಣವನ್ನೇ ಮುಚ್ಚಿದರು, ರೈಲುಗಳು ನಿಂತುಹೋದವು. ನಾನು ಕೋಣೆ ಸೇರುವ ಹೊತ್ತಿಗೆ ಸೋಮವಾರ ಕಳೆದಿತ್ತು, ಆ ವಾರದ ಹಾಳೆ ಕೈತಪ್ಪಿತ್ತು. ಫೆಬ್ರವರಿಯಲ್ಲಿ ಲೆಕ್ಕ ಹಾಕಿದಾಗ ನನ್ನದು 111 ಅಂಕ. ಒಂಬತ್ತು ಅಂಕ ಕಡಿಮೆಯಾಯಿತೆಂದು ಪರೀಕ್ಷೆಗೆ ಕೂರಲಾಗಲಿಲ್ಲ. ಆ ವಿಷಯವನ್ನು ಚಳಿಗಾಲದ ಸೆಮಿಸ್ಟರಿನಲ್ಲಿ ಮಾತ್ರ ಕಲಿಸುತ್ತಿದ್ದುದರಿಂದ ಒಂದು ವರ್ಷ ಕಾದೆ, ನಾಲ್ಕು ಸೆಮಿಸ್ಟರಿನ ಓದು ಐದಾಯಿತು. ಆಗ ವೀಸಾಕ್ಕೆಂದು ತೋರಿಸಬೇಕಾಗಿದ್ದ ಖರ್ಚೇ ತಿಂಗಳಿಗೆ 934 ಯೂರೋ. ಹೆಚ್ಚುವರಿ ಆರು ತಿಂಗಳಿಗೆ ಅದು ಎಷ್ಟಾಗುತ್ತದೆಂದು ಅಪ್ಪನಿಗೆ ಫೋನಿನಲ್ಲಿ ಹೇಳಿದ ಆ ಸಂಜೆಯನ್ನು ನಾನು ಮರೆತಿಲ್ಲ.

ಆದ್ದರಿಂದ ದಿನಕ್ಕೆ ನಾಲ್ಕೇ ಗಂಟೆ ಎಂಬ ನಿಮ್ಮ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಒಂಬತ್ತು ಕ್ರೆಡಿಟ್‌ಗಳ ವಿಷಯವೆಂದರೆ, ಒಂದು ಕ್ರೆಡಿಟ್‌ಗೆ 30 ಗಂಟೆಯಂತೆ, 270 ಗಂಟೆಗಳ ದುಡಿಮೆ. ವಾರಕ್ಕೆ ಆರು ಗಂಟೆಯಂತೆ ಹದಿನೈದು ವಾರ ತರಗತಿಯಲ್ಲಿ ಕುಳಿತರೂ ಆಗುವುದು 90. ಮಿಕ್ಕ 180 ಗಂಟೆಗಳು ನೀವು ಬಿಡುವು ಎಂದುಕೊಂಡಿರುವ ಆ ಖಾಲಿ ಮನೆಗಳಲ್ಲಿಯೇ ಇವೆ.

ಇದನ್ನು ಓದಿ ಸಂತೋಷಕ್ಕೆ ಅಲ್ಲಿ ಜಾಗವಿಲ್ಲ ಎಂದುಕೊಳ್ಳಬೇಡಿ. ಎರಡನೆಯ ಸಲ ಅದೇ ವಿಷಯ ತೆಗೆದುಕೊಂಡಾಗ ಹಾಳೆಗಳನ್ನು ಮೂವರು ಸೇರಿ ಒಪ್ಪಿಸಲು ಅವಕಾಶವಿತ್ತು. ಒಬ್ಬ ಜರ್ಮನ್ ಹುಡುಗ, ಒಬ್ಬಳು ಟರ್ಕಿಯ ಹುಡುಗಿ, ನಾನು ಗುರುವಾರ ಸಂಜೆ ಗ್ರಂಥಾಲಯದಲ್ಲಿ ಸೇರುತ್ತಿದ್ದೆವು. ಲೆಕ್ಕ ಬಗೆಹರಿಯದಿದ್ದರೆ ಇಂಗ್ಲಿಷ್ ಗಾರ್ಡನ್‌ವರೆಗೆ ನಡೆದು, ಐಸ್‌ಬಾಖ್ ಕಾಲುವೆಯ ಅಲೆಯ ಮೇಲೆ ಆ ಚಳಿಯಲ್ಲೂ ಸರ್ಫಿಂಗ್ ಮಾಡುವವರನ್ನು ಸೇತುವೆಯಿಂದ ನೋಡುತ್ತ ಮತ್ತೆ ಅದೇ ಲೆಕ್ಕದ ಚರ್ಚೆ ಮಾಡುತ್ತಿದ್ದೆವು. ಜೂನ್ ಬಂದಾಗ ಒಂಬತ್ತು ಗಂಟೆಯ ನಂತರವೂ ಬೆಳಕಿರುವ ಇಸಾರ್ ನದಿಯ ದಂಡೆಗೆ ಪುಸ್ತಕ ಮತ್ತು ಚಿತ್ರಾನ್ನದ ಡಬ್ಬಿ ಎರಡನ್ನೂ ಒಯ್ಯುತ್ತಿದ್ದೆ. ಮೊದಲ ವರ್ಷದ ಅಷ್ಟೂ ಪ್ರವಾಸಗಳಿಗಿಂತ ಆ ಸಂಜೆಗಳೇ ನನಗೆ ಪ್ರಿಯ.

ಅಭ್ಯಾಸ ತರಗತಿಯ ಗುಂಪು ಆರಿಸಲು ಹೇಳಿದಾಗ ಶುಕ್ರವಾರದ್ದನ್ನು ಬಿಟ್ಟು ಮಂಗಳವಾರದ್ದನ್ನೋ ಬುಧವಾರದ್ದನ್ನೋ ತೆಗೆದುಕೊಳ್ಳಿ, ಹಾಳೆ ಒಪ್ಪಿಸುವ ಜೊತೆಗಾರರನ್ನು ಮೊದಲ ವಾರವೇ ಹುಡುಕಿಕೊಳ್ಳಿ. ಭಾನುವಾರ ಅಂಗಡಿಗಳು ಹೇಗೂ ಮುಚ್ಚಿರುತ್ತವೆ, ಬೆಟ್ಟಗಳಿಗೆ ಅಂದು ಹೋಗಿ. ಹಾಳೆಯನ್ನು ಮಾತ್ರ ಶನಿವಾರ ರಾತ್ರಿಯೇ ಕಳಿಸಿ ಹೊರಡಿ.