ಆ ಬುಕ್ಕಿನ್ಯಾಗ ಏನ್ ಬರದಾರು?

ಧಾರವಾಡದ ನಿವೃತ್ತ ಪ್ರಾಧ್ಯಾಪಕರೊಬ್ಬರ ಪತ್ರ: ‘ಆದಿವಾಸಿಗಳ ಬಗ್ಗೆ ಸಂಶೋಧನೆ ಮಾಡುವಾಗ ವಸಾಹತುಶಾಹಿ ಚಾಳಿ ಬಿಡಬೇಕು ಎಂದು ಬರೆದಿದ್ದೀರಿ. ಜ್ಞಾನಕ್ಕೆ ಬಿಳಿ-ಕರಿ ಉಂಟೇ? ಇಂಗ್ಲಿಷರು ಓದದಿದ್ದರೆ ನಮ್ಮ ಶಾಸನಗಳು ಬಚ್ಚಲ ಕಲ್ಲಾಗುತ್ತಿದ್ದವು.’

ಸರ್, ಶಾಸನದ ಮಾತು ಒಪ್ಪಿದೆ. ಕನ್ನಡ ಶಾಸನಗಳನ್ನು ಓದಿ ಪ್ರಕಟಿಸಿದ ಬ್ರಿಟಿಷ್ ಅಧಿಕಾರಿ ಫ್ಲೀಟ್ ಸಾಹೇಬರ ಋಣ ನಮ್ಮ ಮೇಲಿದೆ. ಆದರೆ ಕಲ್ಲನ್ನು ಕೇಳದೆ ಓದಬಹುದು, ಮನುಷ್ಯರನ್ನು?

ಹುಬ್ಬಳ್ಳಿಗೆ ಬಂದಾಗ ಆಟೋದವರಿಗೆ ‘ಸೆಟ್ಲ್‌ಮೆಂಟ್’ ಅನ್ನಿ, ಕರೆದುಕೊಂಡು ಹೋಗುತ್ತಾರೆ. ಕೆಲವು ಜನ ಹುಟ್ಟುತ್ತಲೇ ಅಪರಾಧಿಗಳು ಎಂದು 1871ರಲ್ಲಿ ಬ್ರಿಟಿಷರು ಕಾನೂನು ಮಾಡಿದರು. 1911ರಲ್ಲಿ ಅದನ್ನು ದೇಶಕ್ಕೆಲ್ಲ ಹಬ್ಬಿಸಿದರು. ಅಂಥ ಹಣೆಪಟ್ಟಿ ಹೊತ್ತವರನ್ನು ತಂದು ಕೂಡಿಹಾಕಿದ ಜಾಗ ಅದು. ಯಾರು ಯಾವ ಜಾತಿ, ಏನು ಕಸುಬು ಎಂದು ಮೊದಲು ಬರೆದುಕೊಂಡವರೂ ‘ಅಧ್ಯಯನ’ ಅಂತಲೇ ಬರೆದುಕೊಂಡಿದ್ದು, ಅಲ್ವಾ? 1952ರಲ್ಲಿ ಕಾನೂನು ಹೋಯಿತು. ಹೆಸರು ಹಾಗೇ ಉಳಿಯಿತು.

ಅದು ಹಳೆಯ ಕಥೆ ಅನ್ನಬೇಡಿ. ಅಮೆರಿಕದ ಹವಾಸುಪೈ ಎಂಬ ಆದಿವಾಸಿ ಜನ 1990ರ ಸುಮಾರಿಗೆ ಸಕ್ಕರೆ ಕಾಯಿಲೆಯ ಸಂಶೋಧನೆಗೆಂದು ನಂಬಿ ರಕ್ತ ಕೊಟ್ಟರು. ಸಂಶೋಧಕರು ಅದೇ ರಕ್ತದಲ್ಲಿ ಮಾನಸಿಕ ಕಾಯಿಲೆ ಹುಡುಕಿದರು, ಅವರ ಪೂರ್ವಿಕರು ಎಲ್ಲಿಂದ ವಲಸೆ ಬಂದರೆಂದೂ ಬರೆದರು. ಅವರನ್ನು ಕೇಳಲೇ ಇಲ್ಲ. ಕೋರ್ಟು ಹತ್ತಿದ ಮೇಲೆ, 2010ರಲ್ಲಿ, ಅರಿಜೋನಾ ಸ್ಟೇಟ್ ಯೂನಿವರ್ಸಿಟಿ 7 ಲಕ್ಷ ಡಾಲರ್ ಕೊಟ್ಟು ರಕ್ತ ವಾಪಸ್ ಮಾಡಿತು. ನ್ಯೂಜಿಲೆಂಡಿನ ಮಾವೋರಿ ವಿದ್ವಾಂಸೆ ಲಿಂಡಾ ತುಹಿವಾಯ್ ಸ್ಮಿತ್ 1999ರಲ್ಲೇ ಹೇಳಿದ್ದರು, ನಮ್ಮ ಜನಕ್ಕೆ ‘ಸಂಶೋಧನೆ’ ಅನ್ನುವುದೇ ಹೊಲಸು ಶಬ್ದ ಅಂತ.

ನಾನೂ ಸಾಚಾ ಅಲ್ಲ ಬಿಡಿ. ಕಲಘಟಗಿ ಕಡೆ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಅಜ್ಜಿಯೊಬ್ಬರ ಕೌದಿ ಬಗ್ಗೆ ಬರೆಯಲು ಹೋಗಿದ್ದೆ. ಹಳೆ ಸೀರೆ ತುಂಡುಗಳನ್ನು ಹರಡಿಕೊಂಡು, ಅಂಚಿನಿಂದ ನಡುವಿನ ಕಡೆಗೆ ಹೊಲಿಗೆ ಹಾಕುತ್ತಾ ಕೂತಿದ್ದರು. ನಾಲ್ಕೂ ಮೂಲೆಗೆ ಬಟ್ಟೆಯ ಹೂವು ಹಚ್ಚದಿದ್ದರೆ ಕೌದಿ ಬತ್ತಲೆಯಂತೆ. ನಾನು ಪೆನ್ನು ತೆಗೆದ ಕೂಡಲೇ ಸೂಜಿ ನಿಲ್ಲಿಸಿ ಕೇಳಿದರು: ‘ಹೋದ ವರ್ಷಾನೂ ಒಬ್ಬಾಕಿ ಬರಕೊಂಡು ಹೋದ್ಳು. ಆ ಬುಕ್ಕಿನ್ಯಾಗ ಏನ್ ಬರದಾಳ, ಓದಿ ಹೇಳ್ತೀರೇನು?’ ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಪತ್ರಿಕೆ ಅವರ ಫೋಟೋ ಮುಖಪುಟಕ್ಕೆ ಹಾಕಿತು. ಪ್ರತಿ ಕಳಿಸಲು ಮರೆತಿತು.

ಇನ್ನು ನಿಮ್ಮ ಯೂನಿವರ್ಸಿಟಿಗಳು. ಪ್ರಶ್ನಾವಳಿ ಇಂಗ್ಲಿಷಿನಲ್ಲಿ, ಉತ್ತರಗಳು ಕನ್ನಡದಲ್ಲಿ, ಥೀಸಿಸ್ ಮತ್ತೆ ಇಂಗ್ಲಿಷಿನಲ್ಲಿ, ಆಮೇಲೆ ಕಪಾಟಿನಲ್ಲಿ. ಊಟ ಹಾಕಿ ಕಥೆ ಹೇಳಿದವರಿಗೆ ಕೊನೆಯ ಪುಟದಲ್ಲಿ ‘ಮಾಹಿತಿದಾರರು’ ಅನ್ನುವ ಹೆಸರು. ಪೊಲೀಸರೂ ಅದೇ ಶಬ್ದ ಬಳಸುತ್ತಾರೆ, ಗಮನಿಸಿದ್ದೀರಾ?

ನೀವು ಒಳ್ಳೆಯ ಮೇಷ್ಟ್ರು, ಪತ್ರದ ಕನ್ನಡವೇ ಹೇಳುತ್ತದೆ. ನಿಮ್ಮ ಕೈಕೆಳಗೆ ಪಿಎಚ್‌ಡಿ ಮಾಡಿದವರಲ್ಲಿ ಎಷ್ಟು ಜನ ಥೀಸಿಸ್ಸಿನ ಪ್ರತಿ ಹಿಡಿದು ಆ ಊರಿಗೆ ಮರಳಿ ಹೋದರು? ಒಬ್ಬರಿದ್ದರೂ ಬರೆಯಿರಿ, ಇದೇ ಜಾಗದಲ್ಲಿ ಹಾಕುತ್ತೇನೆ. ಕಲಘಟಗಿಗೆ ಹೋಗಬೇಕಾದ ಪ್ರತಿಯನ್ನು ನಾನೂ ಈಗ ಚೀಲದಲ್ಲಿ ಇಟ್ಟುಕೊಂಡಿದ್ದೇನೆ.

— ಸಂ.