ಓದುಗರ ಪ್ರಶ್ನೆ: ಅಕ್ಕ–ತಮ್ಮ ಬಯಲ ಹಾಡಿಗೆ ಹೊರಟಾಗ

ಪ್ರಶ್ನೆ: ನಾನು ಕನ್ನಡ ಮಾಧ್ಯಮ ಶಾಲೆಯಲ್ಲಿ ಅಧ್ಯಾಪಿಕೆಯಾಗಿದ್ದು ನಿವೃತ್ತಳಾದವಳು, ವಯಸ್ಸು 61. ನನಗಿಂತ ಏಳು ವರ್ಷ ಕಿರಿಯನಾದ ತಮ್ಮ ಅಮೆರಿಕದ ಡೆನ್ವರಿನಲ್ಲಿದ್ದಾನೆ. ಇಲ್ಲಿ ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಆಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ, ಜುಲೈಯಲ್ಲಿ, ನಾನು ಮೊದಲ ಬಾರಿಗೆ ಅವನಲ್ಲಿಗೆ ಹೋಗುವವಳಿದ್ದೇನೆ. ಊರಿನ ಸಮೀಪ ರೆಡ್ ರಾಕ್ಸ್ ಎಂಬ ಬಯಲು ರಂಗಮಂದಿರವಿದೆಯೆಂದೂ, ಅಲ್ಲಿ ನಡೆಯುವ ಕಂಟ್ರಿ ಸಂಗೀತದ ಕಾರ್ಯಕ್ರಮಕ್ಕೆ ನಮ್ಮಿಬ್ಬರಿಗೆ ಮಾತ್ರ ಟಿಕೆಟ್ ತೆಗೆದಿದ್ದೇನೆಂದೂ ಅವನು ಹೇಳುತ್ತಾನೆ. ‘ಅಕ್ಕಾ, ನೀನು ನನ್ನನ್ನು ಆಟಕ್ಕೆ ಕರೆದುಕೊಂಡು ಹೋಗುತ್ತಿದ್ದೆಯಲ್ಲ, ಈಗ ನನ್ನ ಸರದಿ’ ಎಂದು ನಗುತ್ತಾನೆ. ಆಗ ಅವನು ಪೂರ್ವರಂಗ ಮುಗಿಯುವುದರೊಳಗೆ ನನ್ನ ಮಡಿಲಲ್ಲಿ ನಿದ್ದೆ ಹೋಗುತ್ತಿದ್ದ ಎಂಬುದು ಬೇರೆ ಮಾತು. ಆ ಸಂಗೀತದ ಗಂಧವೂ ನನಗಿಲ್ಲ, ಇಂಗ್ಲಿಷ್ ಹಾಡಿನ ಮಾತು ಕಿವಿಗೆ ಹತ್ತುವುದಿಲ್ಲ, ಜನ ಕುಡಿದು ಕುಣಿಯುತ್ತಾರೆಂದು ಕೇಳಿದ್ದೇನೆ, ಮೊಣಕಾಲು ನೋವಿದೆ. ಹೋಗುವುದು ಸರಿಯೇ? ಇನ್ನೊಂದು ಸಣ್ಣ ಸಂಶಯ: ಅಲ್ಲಿ ಬ್ಯಾಂಜೋ ಇರುತ್ತದೆಯಂತೆ. ತಮ್ಮ ಹುಡುಗನಾಗಿದ್ದಾಗ ಭಜನಾ ಮಂದಿರದಲ್ಲಿ ನುಡಿಸುತ್ತಿದ್ದ ಬ್ಯಾಂಜೋ ಈಗಲೂ ನಮ್ಮ ಅಟ್ಟದಲ್ಲಿ ಬಟ್ಟೆ ಸುತ್ತಿಕೊಂಡು ಕುಳಿತಿದೆ. ಅದೂ ಇದೂ ಒಂದೇಯೇ?
— ಹೆಸರು ಬೇಡ, ಬದಿಯಡ್ಕ

ಉತ್ತರ: ಖಂಡಿತವಾಗಿ ಹೋಗಿ. ತಮ್ಮನ ಮನಸ್ಸು ನೋಯಬಾರದೆಂಬ ಒಂದೇ ಕಾರಣಕ್ಕೆ ಹೋಗುವುದಾದರೆ ಮೂರು ಗಂಟೆ ಕುಳಿತುಕೊಳ್ಳುವುದು ಕಷ್ಟವೆಂದು ಗೊತ್ತಿದ್ದೇ ಹೀಗೆ ಹೇಳುತ್ತಿದ್ದೇನೆ. ಆ ಸಂಗೀತವನ್ನು ಕೇಳುವ ಬಗೆ ನಿಮಗೆ ಆಗಲೇ ಅಭ್ಯಾಸವಾಗಿದೆ. ನಿಮಗೆ ಅದು ತಿಳಿದಿಲ್ಲ, ಅಷ್ಟೇ. ಆಟಕ್ಕೆ ಹೊರಡುವ ಮೊದಲು ನೀವು ಕೇಳುತ್ತಿದ್ದ ಮೊದಲ ಪ್ರಶ್ನೆ ‘ಇಂದು ಯಾವ ಪ್ರಸಂಗ?’ ಎಂಬುದಾಗಿರಬೇಕು. ಕಥೆ ಗೊತ್ತಿದ್ದುದರಿಂದಲೇ ಭಾಗವತರ ಪದ್ಯದ ಅರ್ಧ ಮಾತು ಚೆಂಡೆಯ ಸದ್ದಿನಲ್ಲಿ ಮುಳುಗಿದರೂ ನಿಮಗೆ ಏನೂ ತಪ್ಪಿಹೋಗುತ್ತಿರಲಿಲ್ಲ. ಕಂಟ್ರಿ ಹಾಡು ಕೂಡ ಬಹುಮಟ್ಟಿಗೆ ಕಥೆಯ ಹಾಡು. ಊರು ಬಿಟ್ಟು ಹೋದವನು, ಸಾಲಕ್ಕೆ ಹೋದ ಹೊಲ, ರೈಲಿನಲ್ಲಿ ಅಲೆಯುವವನು, ಅಮ್ಮನ ಸಾವು, ಮೋಸ ಹೋದ ಹೆಂಡತಿ: ಮೂರು ನಾಲ್ಕು ನಿಮಿಷಗಳಲ್ಲಿ ಒಂದು ಸಂಸಾರದ ಕಥೆ ಆರಂಭವಾಗಿ ಮುಗಿದಿರುತ್ತದೆ. ಆದ್ದರಿಂದ ಕಾರ್ಯಕ್ರಮಕ್ಕೆ ನಾಲ್ಕು ದಿನ ಮುಂಚೆ, ಆ ಗಾಯಕರು ತಪ್ಪದೆ ಹಾಡುವ ಎಂಟು ಹತ್ತು ಹಾಡುಗಳ ಕಥೆಯನ್ನು ಕನ್ನಡದಲ್ಲಿ ಹೇಳುವಂತೆ ತಮ್ಮನಿಗೆ ಹೇಳಿ. ಅವನಿಗೆ ಅದು ತೊಂದರೆಯಲ್ಲ. ಅಕ್ಕನಿಗೆ ಪ್ರಸಂಗ ಹೇಳಿಕೊಡುವ ಅವಕಾಶ ಅವನಿಗೆ ಈ ಮೊದಲು ಸಿಕ್ಕಿರಲಾರದು.

ಇದನ್ನು ‘ಹಳ್ಳಿ ಸಂಗೀತ’ ಎಂದೋ ‘ಜಾನಪದ’ ಎಂದೋ ಕನ್ನಡಿಸುವುದು ರೂಢಿಯಲ್ಲಿದ್ದರೂ ನನಗೆ ಅದು ಪೂರ್ತಿ ಒಪ್ಪಿಗೆಯಲ್ಲ. ಅಮೆರಿಕದ ಪೂರ್ವ ಭಾಗದ ಅಪಲಾಚಿಯನ್ ಬೆಟ್ಟಗಳಲ್ಲಿ ನೆಲೆಸಿದ ಸ್ಕಾಟ್ಲೆಂಡ್, ಐರ್ಲೆಂಡ್, ಇಂಗ್ಲೆಂಡಿನವರ ಪಿಟೀಲು ಮತ್ತು ಕಥನಗೀತೆ, ಗುಲಾಮರಾಗಿ ತರಲ್ಪಟ್ಟ ಆಫ್ರಿಕದವರ ಬ್ಯಾಂಜೋ ಮತ್ತು ಲಯ, ಹವಾಯಿ ದ್ವೀಪದಿಂದ ಬಂದ ಸ್ಟೀಲ್ ಗಿಟಾರು ಇವೆಲ್ಲ ಅದರೊಳಗೆ ಬೆರೆತಿವೆ ಎಂಬುದು ನಿಜ; ಆದರೆ ಕಂಟ್ರಿ ಎಂದು ಇಂದು ಕರೆಯುವ ಸಂಗೀತ ಗ್ರಾಮಫೋನ್ ತಟ್ಟೆಯಲ್ಲಿ ಮತ್ತು ರೇಡಿಯೋದಲ್ಲಿ ಮಾರಾಟವಾಗುತ್ತಲೇ ಬೆಳೆಯಿತು. ನಮ್ಮ ಮಾತಿನಲ್ಲಿ ಹೇಳುವುದಾದರೆ, ನೀವು ಹೋಗುತ್ತಿರುವುದು ಹರಕೆಯ ಆಟಕ್ಕಲ್ಲ, ಡೇರೆ ಮೇಳದ ಟಿಕೆಟ್ ಆಟಕ್ಕೆ. ಹಾಗೆಂದು ಅದರ ಬೆಲೆ ಕಡಿಮೆಯಾಗುವುದಿಲ್ಲ. ಡೇರೆ ಮೇಳಗಳಲ್ಲಿ ಎಂಥೆಂಥ ವೇಷಗಳು ಕುಣಿದಿವೆಯೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಗಡಿನಾಡು ಕಾಸರಗೋಡಿನವರಾದ ನಿಮಗೆ ಇಷ್ಟವಾಗಬಹುದಾದ ಒಂದು ಸಂಗತಿಯಿದೆ. ಈ ಸಂಗೀತದ ಹುಟ್ಟೂರೆಂದು ಹೇಳಿಕೊಳ್ಳುವ ಬ್ರಿಸ್ಟಲ್ ಒಂದು ಗಡಿಯೂರು. ಅದರ ಮುಖ್ಯ ಬೀದಿಯ ನಡುಗೆರೆಯೇ ಎರಡು ರಾಜ್ಯಗಳ ಗಡಿ. ಒಂದು ಬದಿಯ ಅಂಗಡಿ ಟೆನೆಸಿಯದು, ಎದುರು ಬದಿಯದು ವರ್ಜೀನಿಯದು. 1927ರ ಜುಲೈ ಕೊನೆಯಲ್ಲಿ ಗ್ರಾಮಫೋನ್ ತಟ್ಟೆಯ ವಿಕ್ಟರ್ ಕಂಪನಿಯ ಪರವಾಗಿ ರಾಲ್ಫ್ ಪೀರ್ ಎಂಬವರು ಧ್ವನಿಮುದ್ರಣದ ಯಂತ್ರಗಳೊಂದಿಗೆ ಅಲ್ಲಿಗೆ ಬಂದು, ಸುತ್ತಲಿನ ಬೆಟ್ಟಗಳಿಂದ ಹಾಡುವವರನ್ನು ಕರೆಸಿದರು. ಹಾಗೆ ಬಂದವರಲ್ಲಿ ಒಂದು ಸಂಸಾರವಿತ್ತು: ಎ. ಪಿ. ಕಾರ್ಟರ್, ಅವರ ಹೆಂಡತಿ ಸಾರಾ, ಹಾಗೂ ಸಾರಾಳ ಹತ್ತಿರದ ಸಂಬಂಧಿಯೂ ಎ. ಪಿ.ಯ ತಮ್ಮನ ಹೆಂಡತಿಯೂ ಆದ ಮೇಬೆಲ್. ಅದೇ ವಾರ ಜಿಮ್ಮಿ ರಾಜರ್ಸ್ ಎಂಬ ರೈಲ್ವೆ ಕೆಲಸಗಾರನೂ ಅಲ್ಲಿ ಹಾಡಿದ. ಕ್ಷಯರೋಗಿಯಾಗಿದ್ದ ಆತ 1933ರಲ್ಲಿ ತೀರಿಕೊಂಡರೂ, ಅವನೂ ಕಾರ್ಟರ್ ಮನೆಯವರೂ ಹಾಕಿದ ಎರಡು ದಾರಿಗಳಲ್ಲಿಯೇ, ಅಂದರೆ ಒಂಟಿ ಅಲೆಮಾರಿಯ ಹಾಡು ಮತ್ತು ಮನೆಯವರೆಲ್ಲ ಸೇರಿ ಹಾಡುವ ಹಾಡು, ಈ ಸಂಗೀತ ಬಹುಕಾಲ ನಡೆಯಿತು.

ನಿಮ್ಮಿಬ್ಬರಿಗೆ ಹೆಚ್ಚು ಹೊಂದುವುದು ಎರಡನೆಯ ದಾರಿ. ನಮ್ಮ ಭಜನೆಯಲ್ಲಿ ಹತ್ತು ಮಂದಿ ಹಾಡಿದರೂ ಎಲ್ಲರೂ ಹಿಡಿಯುವುದು ಒಂದೇ ಸ್ವರವನ್ನು. ಅಲ್ಲಿ ಒಬ್ಬರು ಧಾಟಿಯನ್ನು ಹಿಡಿದರೆ ಇನ್ನೊಬ್ಬರು ಅದೇ ಮಾತನ್ನು ಅದೇ ಕ್ಷಣದಲ್ಲಿ ಎರಡು ಸ್ವರ ಮೇಲೆ ಹಾಡುತ್ತ ಜೊತೆಗೇ ಸಾಗುತ್ತಾರೆ, ಗದ್ದೆಯ ಬದುವಿನ ಎರಡೂ ಬದಿಯಲ್ಲಿ ಇಬ್ಬರು ನಡೆದ ಹಾಗೆ. ಒಡಹುಟ್ಟಿದವರು ಹೀಗೆ ಹಾಡಿದರೆ ಕಂಠದ ಬಣ್ಣ, ಉಸಿರಿನ ಅಳತೆ, ಮಾತಿನ ಉಚ್ಚಾರ ಎಲ್ಲವೂ ಒಂದೇ ಮನೆಯದಾಗಿರುವುದರಿಂದ ಎರಡು ದನಿಗಳ ನಡುವಿನ ಸಂದು ಕಾಣಿಸುವುದಿಲ್ಲ. ಅದಕ್ಕೆ ಅಲ್ಲಿ ಬ್ಲಡ್ ಹಾರ್ಮನಿ ಎಂಬ ಹೆಸರೇ ಇದೆ. ಡೆಲ್ಮೋರ್ ಸೋದರರು, ಲೂವಿನ್ ಸೋದರರು, ಎವರ್ಲಿ ಸೋದರರು ಇದಕ್ಕೆ ಪ್ರಸಿದ್ಧರು. ಚಿಕ್ಕಂದಿನಲ್ಲಿ ತಂದೆತಾಯಿಯ ರೇಡಿಯೋ ಕಾರ್ಯಕ್ರಮದಲ್ಲಿ ಹಾಡುತ್ತ ಬೆಳೆದ ಡಾನ್ ಮತ್ತು ಫಿಲ್ ಎವರ್ಲಿ 1973ರಲ್ಲಿ ವೇದಿಕೆಯ ಮೇಲೆಯೇ ಮುರಿದುಕೊಂಡು, ಹತ್ತು ವರ್ಷ ಒಟ್ಟಿಗೆ ಹಾಡದೆ ಇದ್ದು, 1983ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮತ್ತೆ ಜೊತೆಯಾಗಿ ನಿಂತರು. ಹೊರಡುವ ಮೊದಲು ಮನೆಯಲ್ಲಿ ಇಂಥ ನಾಲ್ಕು ಜೋಡಿ ಹಾಡುಗಳನ್ನು ಕೇಳಿಕೊಂಡರೆ ನಿಮ್ಮ ಕಿವಿ ಹದವಾಗುತ್ತದೆ. ಕೇಳುವಾಗ ಮೇಲಿನ ದನಿಯನ್ನು ಮಾತ್ರ ಹಿಂಬಾಲಿಸಿ ನೋಡಿ. ಅದು ಹಿಡಿತಕ್ಕೆ ಸಿಕ್ಕಿದ ಮೇಲೆ ಉಳಿದದ್ದು ತಾನಾಗಿ ಕೇಳಿಸುತ್ತದೆ.

ಕುಡಿತದ ವಿಷಯದಲ್ಲಿ ನೀವು ಕೇಳಿದ್ದು ಸುಳ್ಳಲ್ಲ. ಬಿಯರ್ ಮಾರುತ್ತಾರೆ, ಜನ ಎದ್ದು ನಿಂತು ಹಾಡುತ್ತಾರೆ, ಕುಣಿಯುತ್ತಾರೆ. ಆದರೆ ನಮ್ಮ ಆಟದ ಗದ್ದೆಯಾಚೆ ಚಿಮಿಣಿ ದೀಪದ ಬೆಳಕಿನಲ್ಲಿ ಜುಗಾರಿ ನಡೆಯುತ್ತಿದ್ದ ಕಾರಣಕ್ಕೆ ನಿಮ್ಮ ತಂದೆತಾಯಿ ನಿಮ್ಮನ್ನು ಆಟಕ್ಕೆ ಕಳುಹಿಸದೆ ಇರಲಿಲ್ಲವಷ್ಟೆ.

ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಆತಂಕ ಉಂಟುಮಾಡಿದ್ದು ಮೊಣಕಾಲು. 1941ರಲ್ಲಿ ಆರಂಭವಾದ ರೆಡ್ ರಾಕ್ಸ್, ಎರಡು ಬೃಹತ್ತಾದ ಕೆಂಬಂಡೆಗಳ ನಡುವಿನ ಇಳಿಜಾರಿನಲ್ಲಿ ಕಟ್ಟಿದ ರಂಗಮಂದಿರ; ಒಂಬತ್ತು ಸಾವಿರಕ್ಕೂ ಹೆಚ್ಚು ಜನ ಕೂರುವ 70 ಸಾಲುಗಳು ಒಂದರ ಮೇಲೊಂದು ಏರುತ್ತ ಹೋಗುತ್ತವೆ, ಮೆಟ್ಟಿಲು ಹತ್ತದೆ ಗತಿಯಿಲ್ಲ. ಮೊದಲನೆಯ ಮತ್ತು ಎಪ್ಪತ್ತನೆಯ ಸಾಲನ್ನು ಮಾತ್ರ ಹತ್ತಲಾರದವರಿಗೆಂದು ಇಟ್ಟಿದ್ದಾರೆ. ತಮ್ಮ ಯಾವ ಸಾಲಿನ ಟಿಕೆಟ್ ತೆಗೆದಿದ್ದಾನೆಂದು ಇಂದೇ ವಿಚಾರಿಸಿ. ಮೊಣಕಾಲಿನ ಸಂಗತಿಯನ್ನು ಅವನಿಂದ ಮುಚ್ಚಿಡಬೇಡಿ. ನೀವು ಅದನ್ನು ಅವನಿಗೆ ಹೇಳಿಲ್ಲವೆಂದೇ ಪತ್ರ ಓದಿದಾಗ ನನಗೆ ಅನಿಸಿತು. ಎತ್ತರವೂ ಸಾಮಾನ್ಯವಲ್ಲ. ಸಮುದ್ರಮಟ್ಟದಿಂದ 6,450 ಅಡಿ, ಎಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತಲೂ ತುಸು ಮೇಲೆ. ಕಾಸರಗೋಡಿನ ಕಡಲ ಬದಿಯಿಂದ ಹೋದವರಿಗೆ ಅಲ್ಲಿ ನಾಲ್ಕು ಮೆಟ್ಟಿಲಿಗೇ ಏದುಸಿರು ಬರಬಹುದು. ಡೆನ್ವರ್ ತಲುಪಿದ ಮರುದಿನವೇ ಹೋಗದೆ ಒಂದು ವಾರ ಅಲ್ಲಿನ ಗಾಳಿಗೆ ಒಗ್ಗಿಕೊಳ್ಳಿ, ನೀರು ಹೆಚ್ಚು ಕುಡಿಯಿರಿ. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರಾದರೆ ಹೊರಡುವ ಮೊದಲೇ ವೈದ್ಯರಲ್ಲಿ ಕೇಳಿಕೊಳ್ಳಿ. ಕೂರಲು ಇರುವುದು ಒರಗಿಲ್ಲದ ಮರದ ಹಲಗೆಯಾದ್ದರಿಂದ ಚಾಪೆಯ ಬದಲು ಒಂದು ಸಣ್ಣ ದಿಂಬು ಬೇಕು. ಜುಲೈಯಲ್ಲಿ ಅಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬಂದು ಹೋಗುವುದುಂಟು, ಕತ್ತಲಾದೊಡನೆ ಚಳಿ ಇಳಿಯುತ್ತದೆ. ಕೊಡೆ ಹಿಡಿದರೆ ಹಿಂದಿನವರಿಗೆ ಮರೆಯಾಗುವುದರಿಂದ ಮಳೆಯಂಗಿ ಒಳ್ಳೆಯದು. ಸೀರೆ ಉಡಬಹುದು, ಆದರೆ ಮೇಲೆ ಸ್ವೆಟರ್, ಕಾಲಿಗೆ ಹಿಡಿತವಿರುವ ಶೂ ಇರಲಿ.

ಕಿವಿಗೆ ಹಾಕುವ ಮೆತ್ತನೆಯ ಬಿರಡೆ ಒಂದು ಜೊತೆ ಇಟ್ಟುಕೊಳ್ಳಿ. 85 ಡೆಸಿಬಲ್ ಸದ್ದನ್ನು ಎಂಟು ಗಂಟೆ ಸಹಿಸಬಹುದೆಂದು ಅಮೆರಿಕದ ಆರೋಗ್ಯ ತಜ್ಞರ ಲೆಕ್ಕ; ಪ್ರತಿ ಮೂರು ಡೆಸಿಬಲ್ ಏರಿದಾಗಲೂ ಆ ಅವಧಿ ಅರ್ಧಕ್ಕಿಳಿಯುತ್ತದೆ. 100 ಡೆಸಿಬಲ್ ಆಗುವಾಗ ಉಳಿಯುವುದು ಕಾಲು ಗಂಟೆ ಮಾತ್ರ, ಧ್ವನಿವರ್ಧಕದ ಸಂಗೀತ ಆ ಮಟ್ಟವನ್ನು ಸುಲಭವಾಗಿ ಮುಟ್ಟುತ್ತದೆ. ಬಿರಡೆ ಹಾಕಿದರೂ ಹಾಡು ಕೇಳಿಸುತ್ತದೆ.

ಇನ್ನು ಬ್ಯಾಂಜೋ. ಹೆಸರು ಒಂದೇ, ವಾದ್ಯ ಬೇರೆ. ನಿಮ್ಮ ಅಟ್ಟದಲ್ಲಿರುವುದು ಬುಲ್‌ಬುಲ್ ತರಂಗ್. ಜಪಾನಿನ ನಗೋಯಾದಲ್ಲಿ 1912ರಲ್ಲಿ ಹುಟ್ಟಿದ ತೈಶೋಗೋತೊ ಎಂಬ ವಾದ್ಯದ ನಮ್ಮ ದೇಶದ ರೂಪ ಅದು. ಎಡಗೈಯಲ್ಲಿ ಟೈಪ್‌ರೈಟರಿನಂಥ ಕೀಲಿಗಳನ್ನು ಒತ್ತುತ್ತ ಬಲಗೈಯಲ್ಲಿ ತಂತಿ ಮೀಟುವುದು. ಅಮೆರಿಕದ ಬ್ಯಾಂಜೋ ಆಫ್ರಿಕದವರ ಸೋರೆಬುರುಡೆಯ ವಾದ್ಯಗಳಿಂದ ಬಂದದ್ದು. ದುಂಡನೆಯ ಬಳೆಗೆ ಬಿಗಿದ ಚರ್ಮದ ಮೇಲೆ ತಂತಿಗಳು ಹಾಯುತ್ತವೆ, ಮದ್ದಳೆಯ ಮುಚ್ಚಿಗೆಗೆ ವೀಣೆಯ ಕುತ್ತಿಗೆ ಜೋಡಿಸಿದಂತೆ. ಐದು ತಂತಿಗಳಲ್ಲಿ ಒಂದು ಮಾತ್ರ ಗಿಡ್ಡವಾಗಿದ್ದು, ಹೆಬ್ಬೆರಳು ಅದನ್ನು ನಡುನಡುವೆ ತಟ್ಟುತ್ತಿರುತ್ತದೆ. ಕೇಳಿದೊಡನೆ ಗುರುತು ಸಿಗುವ ಆ ಕಿಣಿಕಿಣಿ ಬರುವುದು ಅದರಿಂದ.

ಅಟ್ಟದಲ್ಲಿರುವುದನ್ನು ಇಳಿಸಿ, ಧೂಳು ಒರೆಸಿ, ಕೀಲಿಗಳು ಏಳುತ್ತವೆಯೇ ಎಂದು ನೋಡಿ. ಅದು ದೊಡ್ಡ ಪೆಟ್ಟಿಗೆಯಲ್ಲಿ ಹಿಡಿಯುವ ಗಾತ್ರದ್ದೇ. ತಂತಿಗಳನ್ನು ಸ್ವಲ್ಪ ಸಡಿಲಿಸಿ, ಹಳೆಯ ಸೀರೆಯೊಂದರಲ್ಲಿ ಸುತ್ತಿ, ಬಟ್ಟೆಗಳ ನಡುವೆ ಇಟ್ಟರೆ ಡೆನ್ವರಿನ ತನಕ ಏನೂ ಆಗದು. ತಮ್ಮನಿಗೆ ಮೊದಲೇ ಹೇಳಬೇಡಿ.